ಬಿಸಿಲೂರಿನ ಅಂಗಳಕ್ಕೆ ಯಾವ ಕಾಡುಹೂವು? ತಂಗಡಿ, ಗೋರಂಟಿ, ವಿಷ್ಣುಕ್ರಾಂತಿ, ಗೌರಿ ಹೂ

ಮಿರಗದ (ಮೃಗಶಿರಾ) ಮಳೆ ಹತ್ತಿರ ಬಂತೆಂದರೆ ನನಗೆ ಇದೇ ಪ್ರಶ್ನೆ. "ನೀರು ಕಮ್ಮಿ ಕೇಳೋ ಹೂವಿನ ಗಿಡ ಯಾವುದು? ನಮ್ಮ ಕಡೆದೇ ಆದ್ರೆ ಇನ್ನೂ ಚಲೋ." ಕೇಳುವವರಲ್ಲಿ ಕೊಪ್ಪಳದವರಿದ್ದಾರೆ, ಸಿಂಧನೂರಿನವರಿದ್ದಾರೆ, ಬಳ್ಳಾರಿಯವರಿದ್ದಾರೆ. ಮೊದಲೆಲ್ಲ ನಾನು "ತಂಗಡಿ ಹಚ್ಚಿ" ಅಂತ ಒಂದೇ ಮಾತು ಹೇಳಿ ಸುಮ್ಮನಾಗುತ್ತಿದ್ದೆ. ಆ ಉತ್ತರ ಅರ್ಧ ಜನಕ್ಕೆ ತಪ್ಪು ಅಂತ ಗೊತ್ತಾಗಲು ಮೂರ್ನಾಲ್ಕು ವರ್ಷ ಬೇಕಾಯಿತು. ಅವರ ಮನೆ ಮುಂದಿನ ಮಣ್ಣು ಎಂಥದು, ಓಣಿಯಲ್ಲಿ ಆಡು ತಿರುಗುತ್ತವಾ, ಮನೆಯಲ್ಲಿ ಕೂಸು ಇದೆಯಾ, ಬೇಸಿಗೆ ರಜೆಗೆ ಊರಿಗೆ ಹೋದರೆ ಗಿಡ ನೋಡುವವರು ಯಾರು, ಇದ್ಯಾವುದನ್ನೂ ನಾನು ಕೇಳಿರಲೇ ಇಲ್ಲ.

ಇಲ್ಲಿ ಹೇಳುವುದೆಲ್ಲ ಮೂರು ಜಾಗದ ಲೆಕ್ಕ. ಒಂದು ಕೊಪ್ಪಳದ ನಮ್ಮ ಮನೆ. ಮೂವತ್ತು ನಲವತ್ತರ ಸೈಟು, ಮಸಾರಿ ಅಂದರೆ ಕೆಂಪು ಮಣ್ಣು, ಒಂದು ಮೊಳ ಅಗೆದರೆ ಗರಸು, ಅಂದರೆ ಕಲ್ಲುಚೂರಿನ ಮಣ್ಣು ಸಿಗುತ್ತದೆ. ಇನ್ನೊಂದು ಸಿಂಧನೂರಿನಲ್ಲಿ ಅಕ್ಕನ ಮನೆ, ಅಪ್ಪಟ ಎರೆ, ಅಂದರೆ ಕಪ್ಪು ಮಣ್ಣು, ಕಾಂಪೌಂಡಿನ ಆಚೆಗೆ ಭತ್ತದ ಗದ್ದೆ. ಮೂರನೆಯದು ಬಳ್ಳಾರಿಯಲ್ಲಿ ಸೋದರಮಾವನ ಮನೆ. ಅವರಿಗೆ ನೆಲವೇ ಇಲ್ಲ, ಇರುವುದೆಲ್ಲ ಮಾಳಿಗೆ ಮೇಲಿನ ಕುಂಡಗಳು. ಒಂದೇ ಬೀಜ ಮೂರು ಕಡೆ ಹಾಕಿದರೆ ಮೂರು ಥರ ಆಗುತ್ತದೆ. ಅದನ್ನು ನೋಡಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ ನಿಮ್ಮ ಅಂಗಳ ಹೇಗಿರಬೇಕು?

ಹೂವು ಯಾವ ಬಣ್ಣದ್ದು ಅನ್ನುವುದನ್ನು ಆಮೇಲೆ ನೋಡೋಣ. ನಮ್ಮ ಮೂರೂ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಮಳೆ, ಅದರಲ್ಲೂ ಸೆಪ್ಟೆಂಬರ್ ಸುತ್ತಮುತ್ತಲೇ ಜಾಸ್ತಿ. ಡಿಸೆಂಬರ್‌ನಿಂದ ಮಾರ್ಚ್ ತನಕ ಹನಿ ಇಲ್ಲ ಅಂದರೂ ನಡೆಯುತ್ತದೆ. ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಇಂಥ ಕಡೆ ಹುಟ್ಟಿದ ಗಿಡಗಳು ಬರವನ್ನು ಎರಡು ರೀತಿಯಲ್ಲಿ ತಡೆಯುತ್ತವೆ. ಕೆಲವು ಬೇರನ್ನು ಆಳಕ್ಕೆ ಇಳಿಸಿ ಹಸಿರಾಗಿಯೇ ನಿಲ್ಲುತ್ತವೆ. ತಂಗಡಿ, ಎಕ್ಕೆ, ಗೋರಂಟಿ ಈ ಜಾತಿ. ಇನ್ನು ಕೆಲವು ಸುಮ್ನೆ ಮಲಗಿಬಿಡುತ್ತವೆ. ಗೌರಿ ಹೂ ಗಡ್ಡೆಯಾಗಿ ಮಣ್ಣೊಳಗೆ ಮಲಗುತ್ತದೆ, ಅಣ್ಣೆ ಹೂ ಬೀಜವಾಗಿ, ವಿಷ್ಣುಕ್ರಾಂತಿ ಒಣಗಿದಂತೆ ಕಂಡರೂ ಬೇರಿನಲ್ಲಿ ಜೀವ ಹಿಡಿದುಕೊಂಡು.

ಮಲಗುವ ಗಿಡ ಹಚ್ಚಿ, ಬೇಸಿಗೆಯಲ್ಲಿ "ಅಯ್ಯೋ ಒಣಗಿತು" ಅಂತ ದಿನಾ ನೀರು ಸುರಿದು ಕೊಂದವರನ್ನು ನಾನು ಬಹಳ ನೋಡಿದ್ದೇನೆ. ಅದರಲ್ಲಿ ನಾನೂ ಒಬ್ಬ. ಹಾಗಾಗಿ ಮೊದಲು ಇದನ್ನು ತೀರ್ಮಾನಿಸಿ. ಬೇಸಿಗೆಯಲ್ಲೂ ಕಣ್ಣಿಗೆ ಹಸಿರು ಬೇಕಾ, ಇಲ್ಲ ನಾಲ್ಕೈದು ತಿಂಗಳು ಬರಿ ಮಣ್ಣು ಕಂಡರೂ ಪರವಾಗಿಲ್ಲವಾ? ಹಸಿರೇ ಬೇಕು ಅಂದರೆ ತಂಗಡಿ ಅಥವಾ ಗೋರಂಟಿ. ಮಳೆಗಾಲದ ಸೊಗಸು ಸಾಕು ಅಂದರೆ ಉಳಿದವು.

ನರ್ಸರಿಯಲ್ಲಿ ಕೊಡುವ "ನಮ್ಮ ಕಡೆ ಗಿಡ"

ನರ್ಸರಿಗೆ ಹೋಗಿ ಬಿಸಿಲು ತಡೆಯುವ ನಮ್ಮ ಕಡೆಯ ಗಿಡ ಕೊಡಿ ಅಂದರೆ ಕೈಗೆ ಬರುವುದು ನಿತ್ಯಪುಷ್ಪ, ಕಾಗದದ ಹೂ, ದೇವಕಣಗಿಲೆ. ಮೂರೂ ಬಿಸಿಲಿಗೆ ಬಗ್ಗುವುದಿಲ್ಲ, ನಿಜ. ಆದರೆ ನಿತ್ಯಪುಷ್ಪದ ತವರು ಮಡಗಾಸ್ಕರ್, ಕಾಗದದ ಹೂವಿನದು ದಕ್ಷಿಣ ಅಮೆರಿಕ, ದೇವಕಣಗಿಲೆ ಮೆಕ್ಸಿಕೊ ಕಡೆಯದು. ದಸರೆ ದೀಪಾವಳಿಗೆ ರಾಶಿ ರಾಶಿ ಮಾರುವ ಚೆಂಡು ಹೂವೂ ಅಲ್ಲಿಂದಲೇ ಬಂದದ್ದು. ಬೆಳೆಸಬೇಡಿ ಅಂತ ಹೇಳುತ್ತಿಲ್ಲ, ನಮ್ಮ ಗೇಟಿನ ಮೇಲೂ ಒಂದು ಕಾಗದದ ಹೂವಿನ ಬಳ್ಳಿ ಇದೆ. ಲಂಟಾನ ಮಾತ್ರ ತರಬೇಡಿ. ಅದು ಬೇಲಿಯಲ್ಲಿ ಚಂದ ಕಂಡರೂ ಒಮ್ಮೆ ಹಬ್ಬಿದರೆ ಗುಡ್ಡವನ್ನೇ ನುಂಗುತ್ತದೆ.

ಹೆಸರಿನ ಮೋಸವೂ ಇದೆ. ಒಂದು ನರ್ಸರಿಯಲ್ಲಿ "ವಿಷ್ಣುಕ್ರಾಂತಿ" ಅಂತ ಹೇಳಿ ಕೊಟ್ಟ ಸಸಿ ತಂದು ಎರಡು ವರ್ಷ ಬೆಳೆಸಿದೆ. ದೊಡ್ಡ ನೀಲಿ ಹೂ, ಮೆತ್ತನೆಯ ಬೂದು ಎಲೆ, ನೋಡಲು ಬಲು ಚಂದ. ಆದರೆ ದಿನ ಬಿಟ್ಟು ದಿನ ನೀರು ಬೇಕಿತ್ತು. ಆಮೇಲೆ ತಿಳಿಯಿತು, ಅದು ಬ್ಲೂ ಡೇಜ್ ಅಂತ ಕರೆಯುವ ಅಮೆರಿಕ ಖಂಡದ ತಂಗಿ. ನಮ್ಮ ವಿಷ್ಣುಕ್ರಾಂತಿಯ ಹೂ ಅಂಗಿಯ ಗುಂಡಿಗಿಂತ ಚಿಕ್ಕದು, ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಕುಂಡದಲ್ಲಿ ದೊಡ್ಡ ನೀಲಿ ಹೂ ಕಂಡರೆ ಅದು ಇದಲ್ಲ ಅಂತ ತಿಳಿಯಿರಿ.

ತಂಗಡಿ: ಜಾಗ ಇದ್ದವರಿಗೆ

ಕುಷ್ಟಗಿ ಕಡೆಗೋ ಲಿಂಗಸುಗೂರು ಕಡೆಗೋ ಬಸ್ಸಿನಲ್ಲಿ ಹೋಗುವಾಗ ರಸ್ತೆ ಪಕ್ಕ, ಬಂಡೆ ಸಂದಿಯಲ್ಲಿ, ಯಾರೂ ನೀರು ಹಾಕದ ಜಾಗದಲ್ಲಿ ಹಳದಿ ಹೂ ಹೊತ್ತು ನಿಂತಿರುತ್ತದಲ್ಲ, ಅದೇ ತಂಗಡಿ. ಆವರಿಕೆ ಅಂತಲೂ ಅನ್ನುತ್ತಾರೆ. ರಾಯಚೂರಿನಿಂದ ಕೃಷ್ಣೆ ದಾಟಿದರೆ ತೆಲಂಗಾಣ, ಅಲ್ಲಿ ಇದು ತಂಗೇಡು, ರಾಜ್ಯದ ಹೂವೇ ಇದು. ಬತುಕಮ್ಮ ಹಬ್ಬಕ್ಕೆ ಹೂವಿನ ಗೋಪುರ ಕಟ್ಟುವಾಗ ತಂಗೇಡು ಇಲ್ಲದಿದ್ದರೆ ಹಬ್ಬವೇ ಇಲ್ಲ. ಹಿಂದೆ ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು, ಸೊಪ್ಪನ್ನು ಗದ್ದೆಗೆ ಗೊಬ್ಬರವಾಗಿ ತುಳಿಯುತ್ತಿದ್ದರು.

ನಾನು ಮಾಡಿದ ಮೊದಲ ತಪ್ಪು ಹೇಳುತ್ತೇನೆ. ರಸ್ತೆ ಪಕ್ಕದಲ್ಲಿ ಮೊಣಕಾಲೆತ್ತರದ ತಂಗಡಿ ಕಂಡಿತು, ಸಲಿಕೆಯಿಂದ ಅಗೆದು ತಂದು ಹಚ್ಚಿದೆ. ಎಂಟೇ ದಿನಕ್ಕೆ ಒಣಗಿತು. ಮತ್ತೊಂದು ತಂದೆ, ಅದೂ ಹೋಯಿತು. ಮೇಲೆ ಮೊಣಕಾಲೆತ್ತರ ಇದ್ದರೆ ಅದರ ತಾಯಿಬೇರು ಕೆಳಗೆ ಅದಕ್ಕಿಂತ ಆಳಕ್ಕೆ ಹೋಗಿರುತ್ತದೆ. ಅಗೆಯುವಾಗ ಆ ಬೇರು ತುಂಡಾದರೆ ಮುಗಿಯಿತು. ಅವ್ವ ನೋಡಿ ನಕ್ಕಳು, "ಕಾಡಿನ ಗಿಡ ಮನಿಗೆ ತರ್ತಿ, ಅದಕ್ಕ ಮನಿ ಸೇರಂಗಿಲ್ಲ" ಅಂದಳು.

ಬೀಜದಿಂದಲೇ ಬೆಳೆಸಬೇಕು. ಚಳಿಗಾಲ ಮುಗಿಯುವ ಹೊತ್ತಿಗೆ ಕಾಯಿ ಕಂದು ಬಣ್ಣಕ್ಕೆ ತಿರುಗಿ ಕಾಗದದಂತೆ ಒಣಗಿ ನೇತಾಡುತ್ತದೆ. ಆಗ ಒಂದು ಹಿಡಿ ಕಿತ್ತು ತಂದು ಬಾಟಲಿಯಲ್ಲಿ ಇಡಿ. ಬೀಜದ ಸಿಪ್ಪೆ ಗಟ್ಟಿ, ಹಾಗೇ ಹಾಕಿದರೆ ಹತ್ತರಲ್ಲಿ ಒಂದೋ ಎರಡೋ ಹುಟ್ಟುತ್ತದೆ ಅಷ್ಟೆ. ಕೈ ತಾಳದಷ್ಟು ಬಿಸಿ ಇರುವ, ಆದರೆ ಕುದಿಯದ ನೀರು ಹೊಯ್ದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಉಬ್ಬಿದ ಬೀಜಗಳನ್ನು ಆರಿಸಿ ಹಾಕಿ. ಉಬ್ಬದವನ್ನು ಮರಳು ಕಾಗದದ ಮೇಲೆ ಒಂದು ಕಡೆ ಸ್ವಲ್ಪ ಉಜ್ಜಿ ಮತ್ತೆ ನೆನೆಸಿ. ಗಿಡ ಎಲ್ಲಿ ಬೇಕೋ ಅಲ್ಲಿಯೇ ನೇರವಾಗಿ ಊರುವುದು ಒಳ್ಳೆಯದು. ಪಾಲಿಥಿನ್ ಚೀಲದಲ್ಲಿ ಬೆಳೆಸಿದರೆ ಗೇಣುದ್ದ ಆಗುವ ಮೊದಲೇ ನೆಲಕ್ಕೆ ಇಳಿಸಿಬಿಡಿ.

ಆಳೆತ್ತರ ಬೆಳೆಯುವ, ಅಷ್ಟೇ ಅಗಲಕ್ಕೆ ಹರಡುವ ಗಿಡ ಇದು. ಬಾಗಿಲ ಪಕ್ಕ, ಕಿಟಕಿ ಕೆಳಗೆ ಹಚ್ಚಬೇಡಿ. ಕಾಂಪೌಂಡಿನ ಮೂಲೆ ಸರಿ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ, ಹಾಗಾಗಿ ಮಳೆಗೆ ಮುಂಚೆ ಮೇ ಕೊನೆಯಲ್ಲಿ ಮೂರರಲ್ಲಿ ಒಂದು ಭಾಗ ಕತ್ತರಿಸಿದರೆ ಗಿಡವೂ ಗುಂಡಗಾಗುತ್ತದೆ, ಹೂವೂ ಜಾಸ್ತಿ. ಮಸಾರಿಯಲ್ಲಿ ಬಲು ಚಲೋ ಬರುತ್ತದೆ, ಎರೆಯಲ್ಲೂ ನೀರು ನಿಲ್ಲದಿದ್ದರೆ ಬರುತ್ತದೆ. ಕುಂಡದಲ್ಲಿ ಹಾಕಿದರೆ ಮಾವನ ಮಾಳಿಗೆಯಲ್ಲಿ ಆದ ಹಾಗೆ ಮೂರು ವರ್ಷವಾದರೂ ಸೊಂಟ ದಾಟುವುದಿಲ್ಲ, ಹೂವು ಎಣಿಸಿದಷ್ಟು.

ಇದರ ಜೊತೆ ಬರುವ ಜೀವಿಗಳಿಗಾಗಿಯೇ ನಾನು ಇದನ್ನು ಮೊದಲ ಸ್ಥಾನದಲ್ಲಿ ಇಡುವುದು. ತಂಗಡಿ ಹೂವಿನಲ್ಲಿ ಮಕರಂದ ಇಲ್ಲ, ಇರುವುದು ಪರಾಗ ಮಾತ್ರ, ಅದೂ ಕೊಳವೆಯಂಥ ಕೇಸರದ ಒಳಗೆ ಬಂದ್ ಆಗಿರುತ್ತದೆ. ದೊಡ್ಡ ಕಪ್ಪು ದುಂಬಿ ಬಂದು ಹೂವಿಗೆ ಜೋತುಬಿದ್ದು ಗುಂಯ್ ಅಂತ ಮೈ ನಡುಗಿಸುತ್ತದೆ, ಆ ನಡುಕಕ್ಕೆ ಪುಡಿ ಉದುರುತ್ತದೆ. ಬೆಳಗ್ಗೆ ಚಹಾ ಹಿಡಿದು ಹತ್ತು ನಿಮಿಷ ನಿಂತರೆ ಕಾಣಿಸುತ್ತದೆ, ಕೇಳಿಸುತ್ತದೆ ಕೂಡ. ತಿಳಿ ಹಸಿರು ಬಣ್ಣದ ವಲಸೆ ಚಿಟ್ಟೆಗಳು ಎಲೆಯ ಮೇಲೆ ಮೊಟ್ಟೆ ಇಡುತ್ತವೆ, ಆಮೇಲೆ ಹಸಿರು ಹುಳ ಎಲೆಯನ್ನು ಜಾಲರಿ ಮಾಡುತ್ತವೆ. ಗಾಬರಿಯಾಗಿ ಔಷಧ ಹೊಡೆಯಬೇಡಿ. ಹದಿನೈದು ದಿನದಲ್ಲಿ ಗಿಡ ಮತ್ತೆ ಚಿಗುರುತ್ತದೆ. ಹುಳ ಕಂಡರೆ ಆಗದವರು ತಂಗಡಿ ಬಿಟ್ಟು ಗೋರಂಟಿ ಕಡೆ ಹೋಗುವುದೇ ವಾಸಿ.

ಗೋರಂಟಿ ಎರಡು: ಮುಳ್ಳಿನದು, ಮುಡಿಯುವುದು

ಮೊದಲೇ ಹೇಳಿಬಿಡುತ್ತೇನೆ, ಕೈಗೆ ಹಚ್ಚುವ ಮದರಂಗಿಗೂ ನಮ್ಮ ಕಡೆ ಗೋರಂಟಿ ಅಂತಲೇ ಕರೆಯುತ್ತಾರೆ, ಇದು ಅದಲ್ಲ. ನಾನು "ಗೋರಂಟಿ ಕಡ್ಡಿ ಕಳಿಸು" ಅಂದಾಗ ಅಕ್ಕ ಮದರಂಗಿ ಕಡ್ಡಿ ಕಟ್ಟಿ ಕಳಿಸಿದ್ದಳು.

ಮುಳ್ಳುಗೋರಂಟಿಗೆ ಕಿತ್ತಳೆ ಕಲಸಿದ ಹಳದಿ ಹೂ, ಎಲೆಯ ಬುಡದಲ್ಲಿ ಸೂಜಿಯಂಥ ಮುಳ್ಳು. ಸೊಂಟದೆತ್ತರಕ್ಕೆ ನಿಲ್ಲುತ್ತದೆ. ಮಳೆಗಾಲ ಮುಗಿಯುತ್ತಿದ್ದ ಹಾಗೆ ಹೂ ಶುರುವಾಗಿ ಚಳಿಗಾಲ ಪೂರ್ತಿ ಇರುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಇದ್ದರೂ ನಮ್ಮ ಓಣಿಯ ಆಡುಗಳು ಇದಕ್ಕೆ ಒಮ್ಮೆ ಬಾಯಿ ಹಾಕಿ ಮತ್ತೆ ಬರಲಿಲ್ಲ. ಕಾಂಪೌಂಡ್ ಇಲ್ಲದ ಮನೆಗೆ, ತಂತಿ ಬೇಲಿ ಹಾಕಲು ದುಡ್ಡಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಬೇಲಿ ಇಲ್ಲ. ಮಳೆಗಾಲದಲ್ಲಿ ಗೇಣುದ್ದದ ಕಡ್ಡಿ ಕತ್ತರಿಸಿ ಅರ್ಧ ಮಣ್ಣಲ್ಲಿ ಊರಿದರೆ ಬೇರು ಬಿಡುತ್ತದೆ. ಒಂದು ಮೊಳಕ್ಕೆ ಒಂದರಂತೆ ಊರಿಕೊಂಡು ಹೋಗಿ, ಎರಡನೇ ವರ್ಷಕ್ಕೆ ಬೇಲಿ ಕೂಡಿಕೊಳ್ಳುತ್ತದೆ. ಒಣಗಿದ ಕಾಯಿ ಚಟ್ ಅಂತ ಸಿಡಿದು ಬೀಜ ದೂರ ಹಾರುವುದರಿಂದ ತಾನಾಗಿಯೂ ಹುಟ್ಟುತ್ತದೆ. ಮಕ್ಕಳು ಚೆಂಡಾಡುವ ಜಾಗದ ಪಕ್ಕ ಮಾತ್ರ ಬೇಡ. ಆ ಮುಳ್ಳಿನ ಪೊದೆಯೊಳಗೆ ಬಿದ್ದ ಚೆಂಡು ತೆಗೆಯುವುದು ಹೇಗೆ ಅಂತ ನಮ್ಮ ಮನೆ ಹುಡುಗರನ್ನು ಕೇಳಬೇಕು.

ಇನ್ನೊಂದು ಸ್ಪಟಿಕದ ಹೂ. ಮುಳ್ಳಿಲ್ಲ. ನೇರಳೆ, ಬಿಳಿ, ಗುಲಾಬಿ, ಪಟ್ಟೆ ಇರುವುದು, ಹೀಗೆ ನಾಲ್ಕೈದು ಬಣ್ಣ. ಹೆಣ್ಣುಮಕ್ಕಳು ಮಾಲೆ ಕಟ್ಟಿ ಮುಡಿಯುತ್ತಾರೆ. ಬಳ್ಳಾರಿಯ ತೆಲುಗು ಮನೆಗಳಲ್ಲಿ ಇದು ಡಿಸೆಂಬರ್ ಹೂವು, ಬಿಡುವುದೇ ಆಗ. ನಮ್ಮ ನಾಡಿನದೇ, ಆದರೆ ಬರ ತಡೆಯುವುದರಲ್ಲಿ ಮುಳ್ಳುಗೋರಂಟಿಯ ಅರ್ಧವೂ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಎಲೆ ಜೋಲುತ್ತದೆ, ಬೇಸಿಗೆಯಲ್ಲಿ ವಾರಕ್ಕೆರಡು ಸಲವಾದರೂ ನೀರು ಬೇಕು. ಮನೆಯ ಪೂರ್ವಕ್ಕೆ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ಗೋಡೆಯ ನೆರಳು ಸಿಗುವ ಜಾಗ ಇದ್ದರೆ ಹಚ್ಚಿ. ಲಾರಿ ಓಡಾಡುವ ಕೆಂಪು ದೂಳಿನ ರಸ್ತೆ ಪಕ್ಕ ಮನೆ ಇದ್ದರೆ ಇದರ ಎಲೆ ಮೂರು ದಿನದಲ್ಲಿ ಇಟ್ಟಂಗಿ ಬಣ್ಣ ಆಗುತ್ತದೆ, ನೀರು ಚಿಮುಕಿಸಿ ತೊಳೆಯುವ ಉಪದ್ವ್ಯಾಪ ಬೇರೆ. ಮುಡಿಯಲು ಹೂ ಬೇಕು ಅನ್ನುವವರಿಗೆ ಮಾತ್ರ ಇಷ್ಟು ಕಷ್ಟ ಸಾರ್ಥಕ. ಬೇರೆ ಯಾವ ಕಾಡುಹೂವನ್ನೂ ನಮ್ಮ ಅಕ್ಕ ಮುಡಿಗೆ ಇಟ್ಟುಕೊಂಡದ್ದಿಲ್ಲ, ಇದೊಂದನ್ನು ಬಿಟ್ಟು.

ವಿಷ್ಣುಕ್ರಾಂತಿ ಮತ್ತು ಎರೆ ಮಣ್ಣಿನ ಜಗಳ

ಗರಸು ನೆಲ ಇದ್ದು, "ಇಲ್ಲಿ ಹುಲ್ಲೂ ಹುಟ್ಟಲ್ಲ" ಅಂತ ಬೇಜಾರಾಗಿದ್ದೀರಾ? ವಿಷ್ಣುಕ್ರಾಂತಿಗೆ ಅಂಥದೇ ಜಾಗ ಬೇಕು. ನೆಲದ ಮೇಲೆ ಚಕ್ರದಂತೆ ಹರಡಿ, ಬೆಳಗ್ಗೆ ಬಿಸಿಲೇರುವಾಗ ಪುಟ್ಟ ಪುಟ್ಟ ನೀಲಿ ಹೂ ಬಿಚ್ಚುತ್ತದೆ. ಮಧ್ಯಾಹ್ನ ಊಟಕ್ಕೆ ಬಂದವರಿಗೆ ಕಾಣುವುದಿಲ್ಲ, ಅಷ್ಟೊತ್ತಿಗೆ ಮುಚ್ಚಿರುತ್ತದೆ. ದಿನವಿಡೀ ಹೊರಗೆ ಕೆಲಸ ಮಾಡಿ ಸಂಜೆ ಮನೆ ಸೇರುವವರಿಗೆ ಈ ಗಿಡದಿಂದ ಏನೂ ದಕ್ಕುವುದಿಲ್ಲ, ಇದನ್ನು ಯಾರೂ ಹೇಳುವುದೇ ಇಲ್ಲ. ಅಂಥವರು ತುತ್ತಿ ಗಿಡ ನೋಡಬಹುದು. ಅದೇ, ಶಾಲೆಗೆ ಹೋಗುವಾಗ ಕಾಯಿ ಕಿತ್ತು ಕೈಮೇಲೆ ಮುದ್ರೆ ಒತ್ತಿಕೊಳ್ಳುತ್ತಿದ್ದೆವಲ್ಲ, ಆ ಗಿಡ. ಅದರ ಹಳದಿ ಹೂ ಸಂಜೆ ಹೊತ್ತಿಗೆ ಅರಳುತ್ತದೆ. ಆದರೆ ಹತ್ತಿ ಹೊಲದ ಪಕ್ಕದಲ್ಲಿ ಮನೆ ಇದ್ದರೆ ತುತ್ತಿ ಬೇಡ. ಹತ್ತಿಗೆ ಬೀಳುವ ಹಿಟ್ಟು ತಿಗಣೆ ಇದರ ಮೇಲೂ ಮನೆ ಮಾಡುತ್ತದೆ, ರೈತರ ಹತ್ತಿರ ಬೈಸಿಕೊಳ್ಳಬೇಕಾಗುತ್ತದೆ.

ವಿಷ್ಣುಕ್ರಾಂತಿ ಬೀಜ ಬಲು ಸಣ್ಣದು, ಹುಡುಕುವುದೇ ಕಷ್ಟ. ಪರಿಚಯದವರ ಹೊಲದ ಬದುವಿನಲ್ಲಿ ಇದ್ದರೆ ಮಳೆ ಬಿದ್ದು ನೆಲ ಮೆತ್ತಗಾದಾಗ ಒಂದು ಚಿಕ್ಕ ಗಿಡವನ್ನು ಅಂಗೈಯಗಲ ಮಣ್ಣಿನ ಸಮೇತ ಎತ್ತಿ ತನ್ನಿ. ಗೊಬ್ಬರ ಹಾಕಬೇಡಿ. ಒಮ್ಮೆ ನಾನು ಪ್ರೀತಿ ಜಾಸ್ತಿಯಾಗಿ ತಿಪ್ಪೆ ಗೊಬ್ಬರ ಹಾಕಿದೆ, ಸುತ್ತಲಿನ ಕಳೆ ಎದ್ದು ಇದನ್ನು ಮುಚ್ಚಿಬಿಟ್ಟಿತು. ಇದರ ಶತ್ರು ಬಿಸಿಲಲ್ಲ, ಎತ್ತರದ ಕಳೆ. ಮಾವನ ಮಾಳಿಗೆಯಲ್ಲಿ ತೂಗುಕುಂಡದಲ್ಲಿ ಗರಸು ತುಂಬಿ ಹಾಕಿದ್ದು ಅಂಚಿನಿಂದ ಇಳಿಬಿದ್ದು ಬೆಳೆದಿದೆ, ನೆಲಕ್ಕಿಂತ ಅಲ್ಲೇ ಚಂದ ಅನ್ನಿಸುತ್ತದೆ ನನಗೆ.

ಅಕ್ಕನ ಎರೆ ಮಣ್ಣಿನಲ್ಲಿ ಮಾತ್ರ ಎರಡು ಸಲ ಸತ್ತಿತು. ಎರೆಯ ಗುಣ ಗೊತ್ತಲ್ಲ, ಮಳೆಗೆ ಉಬ್ಬಿ ನೀರು ಹಿಡಿದು ಕೂರುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಟ್ಟು ಬೇರನ್ನೇ ಹರಿಯುತ್ತದೆ. ಅದರ ಮೇಲೆ ಕಾಲುವೆ ನೀರು ಬಂದ ಭಾಗದಲ್ಲಿ ಸವಳು, ಅಂದರೆ ಮಣ್ಣಿನಲ್ಲಿ ಉಪ್ಪು ಬೇರೆ. ಒಂದು ಬುಟ್ಟಿ ಮರಳು ಕಲಸಿದರೆ ಸರಿ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊಳಕಾಲುದ್ದ ಕಲ್ಲು ಜೋಡಿಸಿ, ಒಳಗೆ ಕೆಂಪು ಮಣ್ಣು ಗರಸು ತುಂಬಿ ಎತ್ತರದ ಮಡಿ ಮಾಡಬೇಕು, ಆಗ ಮಾತ್ರ ಮಸಾರಿಯ ಗಿಡಗಳು ಬಾಳುತ್ತವೆ. ಅಷ್ಟೆಲ್ಲ ಮಾಡಲು ಆಗಲ್ಲ ಅಂದರೆ ಎರೆಗೆ ಒಗ್ಗುವುದನ್ನೇ ಹಚ್ಚಿ. ಅಕ್ಕ ಕೊನೆಗೆ ಅದನ್ನೇ ಮಾಡಿದಳು. ಕಾಂಪೌಂಡಿಗೆ ಮುಳ್ಳುಗೋರಂಟಿ, ಮುಂದೆ ಅಣ್ಣೆ ಹೂ.

ಅಣ್ಣೆ ಹೂವನ್ನು ಹೂದೋಟದ ಗಿಡ ಅಂತ ಯಾರೂ ಒಪ್ಪುವುದಿಲ್ಲ, ಜೋಳದ ಹೊಲದ ಕಳೆ ಅಂತಲೇ ಕಿತ್ತು ಬಿಸಾಕುತ್ತಾರೆ. ಗುಲಾಬಿ ತುದಿಯ ಬೆಳ್ಳಿ ಬತ್ತಿಯಂಥ ಹೂ. ನಮ್ಮ ಮನೆಯಲ್ಲಿ ದೀಪಾವಳಿ ಪಾಡ್ಯಕ್ಕೆ ಸಗಣಿಯ ಪಾಂಡವರನ್ನು ಮಾಡಿ ತಲೆಗೆ ಸಿಕ್ಕಿಸುವುದು ಇದನ್ನೇ, ಜೊತೆಗೆ ತಂಗಡಿ ಹೂ, ಉತ್ತರಾಣಿ ಕಡ್ಡಿ. ತೆಲಂಗಾಣದ ಬತುಕಮ್ಮದಲ್ಲಿ ತಂಗೇಡಿನ ಜೊತೆ ಇಡುವ ಗುನುಗು ಅಂದರೂ ಇದೇ. ಜೂನ್ ಜುಲೈನಲ್ಲಿ ಬೀಜ ಚೆಲ್ಲಿದರೆ ಸಾಕು, ಎಳೆಯದರಲ್ಲಿ ಸೊಪ್ಪು ಪಲ್ಯಕ್ಕೆ, ಬಲಿತಮೇಲೆ ಹೂವು. ದೀಪಾವಳಿ ಮುಗಿದು ಬೀಜ ಉದುರುವ ಮೊದಲೇ ಅರ್ಧಕ್ಕಿಂತ ಹೆಚ್ಚು ಗಿಡ ಕಿತ್ತುಬಿಡಿ. ಇಲ್ಲದಿದ್ದರೆ ಮುಂದಿನ ವರ್ಷ ಅಂಗಳ ಪೂರ್ತಿ ಅಣ್ಣೆಯೇ, ಪಕ್ಕದ ಹೊಲದವರಿಗೂ ಪಾಲು.

ಗೌರಿ ಹೂ: ಚಂದ, ಆದರೆ ವಿಷ

ಬೆಂಕಿಯ ನಾಲಿಗೆಯಂಥ ಎಸಳು, ಮೊದಲು ಹಸಿರು ಹಳದಿ, ಆಮೇಲೆ ಕಡುಕೆಂಪು. ಎಲೆಯ ತುದಿಯೇ ಸುರುಳಿ ಸುತ್ತಿ ಹಿಡಿದುಕೊಂಡು ಬಳ್ಳಿ ಮೇಲೇರುತ್ತದೆ. ಅಗ್ನಿಶಿಖೆ ಅಂತಲೂ ಹೆಸರು. ತಮಿಳುನಾಡಿನ ರಾಜ್ಯದ ಹೂವು, ಜಿಂಬಾಬ್ವೆ ದೇಶಕ್ಕೂ ಇದೇ ಹೂವು. ಗೌರಿ ಹಬ್ಬದ ಹೊತ್ತಿಗೆ ಅರಳುತ್ತದೆ. ಚೆಲುವಿನಲ್ಲಿ ಮೇಲೆ ಹೇಳಿದ ಯಾವುದೂ ಇದರ ಮುಂದೆ ನಿಲ್ಲುವುದಿಲ್ಲ.

ಆದರೆ ಗಿಡದ ಎಲ್ಲ ಭಾಗವೂ ವಿಷ, ಗಡ್ಡೆಯಂತೂ ಕೇಳಲೇಬೇಡಿ. ಅದರಲ್ಲಿರುವ ಕೊಲ್ಚಿಸಿನ್ ಅನ್ನುವ ವಸ್ತು ಜೀವ ತೆಗೆಯಬಲ್ಲದು. ಗಡ್ಡೆ ನೋಡಲು ತಿನ್ನುವ ಗೆಣಸಿನ ಹಾಗೆಯೇ ಇರುವುದು ಇನ್ನೂ ಅಪಾಯ. ಬಾಯಿಗೆ ಎಲ್ಲ ಹಾಕಿಕೊಳ್ಳುವ ಕೂಸು, ಕಟ್ಟಿಹಾಕದ ಕರು, ಮಣ್ಣು ಕೆದರುವ ನಾಯಿ ಇರುವ ಮನೆಯಲ್ಲಿ ಇದನ್ನು ಹಚ್ಚಲೇಬೇಡಿ. ನಮ್ಮ ಮನೆಯಲ್ಲಿ ತಮ್ಮನ ಮಗಳು ಹುಟ್ಟಿದ ವರ್ಷ ಗಡ್ಡೆಗಳನ್ನೆಲ್ಲ ಕಿತ್ತು ಮಾವನ ಮಾಳಿಗೆಗೆ ಸಾಗಿಸಿದೆ. ಅಲ್ಲಿ ಇಬ್ಬರೇ, ದೊಡ್ಡವರು.

ಕುಂಡದಲ್ಲಿ ಇದು ನೆಲಕ್ಕಿಂತ ಚೆನ್ನಾಗಿ ಬರುತ್ತದೆ. ಗಡ್ಡೆ ನೇಗಿಲಿನ ಹಾಗೆ ಕವಲೊಡೆದಿರುತ್ತದೆ, ಲಾಂಗಲಿ ಅನ್ನುವ ಹೆಸರು ಅದರಿಂದಲೇ. ಮೊಳಕೆ ಬರುವುದು ಕವಲಿನ ತುದಿಯಲ್ಲಿ ಮಾತ್ರ. ಆ ತುದಿ ಮುರಿದರೆ ಗಡ್ಡೆ ಎಷ್ಟು ದಪ್ಪವಿದ್ದರೂ ಉಪಯೋಗವಿಲ್ಲ, ಹಾಗಾಗಿ ಕೊಳ್ಳುವಾಗ ತುದಿ ನೋಡಿ ಕೊಳ್ಳಿ. ಮೊದಲ ಮಳೆಗೆ ಮೂರು ಬೆರಳು ಆಳದಲ್ಲಿ ಅಡ್ಡಡ್ಡ ಮಲಗಿಸಿ ಮುಚ್ಚಿ. ಕೈಗವಸು ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ನವೆಂಬರ್ ಡಿಸೆಂಬರ್‌ಗೆ ಬಳ್ಳಿ ಒಣಗಿದಾಗ ನೀರು ಪೂರ್ತಿ ನಿಲ್ಲಿಸಿ ಕುಂಡವನ್ನು ನೆರಳಿಗೆ ಸರಿಸಿಬಿಡಿ. ಮುಂದಿನ ಜೂನ್ ತನಕ ಒಂದು ಲೋಟ ನೀರೂ ಬೇಡ. ಬೇಸಿಗೆಯಲ್ಲಿ ನೀರು ಉಳಿಸುವ ಲೆಕ್ಕದಲ್ಲಿ ನೋಡಿದರೆ ಇದೇ ಎಲ್ಲಕ್ಕಿಂತ ಮುಂದೆ. ಒಂದೇ ತೊಂದರೆ, ಖಾಲಿ ಕುಂಡ ಅಂತ ತಿಳಿದು ಮನೆಯವರು ಮಣ್ಣು ಚೆಲ್ಲುತ್ತಾರೆ. ಮಾವ ಕುಂಡದ ಮೇಲೆ ಬಣ್ಣದಲ್ಲಿ ಬರೆಸಿದ್ದಾರೆ: "ಒಳಗೆ ವಿಷದ ಗಡ್ಡೆ ಇದೆ, ಮುಟ್ಟಬೇಡಿ."

ಎಕ್ಕೆಯ ಬಗ್ಗೆ ಎರಡೇ ಮಾತು. ಶನಿವಾರ ಆಂಜನೇಯನಿಗೆ ಎಕ್ಕೆ ಎಲೆಯ ಹಾರ ಹಾಕುವವರು, ಅಂಜನಾದ್ರಿ ಪಕ್ಕದಲ್ಲೇ ಇರುವ ನಾವು, ಒಂದು ಬಿಳಿ ಎಕ್ಕೆ ಮನೆಯಲ್ಲಿರಲಿ ಅಂತ ಆಸೆಪಡುವುದು ಸಹಜ. ನೀರು ಬೇಡವೇ ಬೇಡ, ಕೇಸರಿ ಕಪ್ಪು ರೆಕ್ಕೆಯ ಚಿಟ್ಟೆಗೆ ಅದೇ ತವರು. ಆದರೆ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೆ ಕುತ್ತು. ಸೈಟಿನ ಹಿಂದೆ, ಯಾರೂ ಓಡಾಡದ ಮೂಲೆ ಇದ್ದರೆ ಸರಿ.

ಮೊದಲ ವರ್ಷದ ನೀರು

ಕಾಡಿನ ಗಿಡ ಅಲ್ವಾ, ನೀರೇ ಬೇಡ ಅಂತ ಬಿಟ್ಟುಬಿಟ್ಟು ಗಿಡ ಸತ್ತಮೇಲೆ ಕಾಡುಹೂವನ್ನೇ ಬೈಯುವವರು ಇದ್ದಾರೆ. ಕಾಡಿನಲ್ಲಿ ನೂರು ಬೀಜ ಬಿದ್ದರೆ ಬದುಕುವುದು ಒಂದೆ, ನಿಮ್ಮ ಹತ್ತಿರ ಇರುವುದು ನಾಲ್ಕೇ ಬೀಜ. ತಂಗಡಿ, ಮುಳ್ಳುಗೋರಂಟಿಗೆ ಮೊದಲ ಬೇಸಿಗೆ ದಾಟುವ ತನಕ ವಾರಕ್ಕೊಮ್ಮೆ ಒಂದು ಕೊಡ ನೀರು ನಿಧಾನವಾಗಿ ಹೊಯ್ಯಿರಿ. ದಿನಾ ಒಂದು ಚೊಂಬು ಹಾಕಬೇಡಿ. ಹಾಗೆ ಹಾಕಿದರೆ ಮೇಲಿನ ಮಣ್ಣಷ್ಟೇ ಒದ್ದೆಯಾಗಿ ಬೇರು ಅಲ್ಲೇ ಸೋಮಾರಿಯಾಗಿ ಹರಡುತ್ತದೆ, ನೀವು ನಾಲ್ಕು ದಿನ ಊರಿಗೆ ಹೋದರೆ ಗಿಡ ಹೋಯಿತು. ಎರಡನೇ ಬೇಸಿಗೆಗೆ ಹದಿನೈದು ದಿನಕ್ಕೊಮ್ಮೆ ಸಾಕು. ನಮ್ಮ ತಂಗಡಿಗೆ ಮೂರನೇ ವರ್ಷದಿಂದ ನಾನು ನೀರು ಹಾಕಿದ್ದೇ ನೆನಪಿಲ್ಲ.

ಬುಡಕ್ಕೆ ಶೇಂಗಾ ಹೊಟ್ಟು ಹರಡಿದರೆ ತೇವ ಉಳಿಯುತ್ತದೆ. ಗಂಗಾವತಿ, ಸಿಂಧನೂರು ಕಡೆಯವರಿಗೆ ರೈಸ್ ಮಿಲ್ಲಿನ ಭತ್ತದ ಹೊಟ್ಟು ಸುಲಭ. ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು ಹಾಕಿ, ಗೆದ್ದಲಿನ ಕಾಟ ಕಮ್ಮಿ. ವಿಷ್ಣುಕ್ರಾಂತಿಗೆ ಮಾತ್ರ ಏನೂ ಹೊದಿಸಬೇಡಿ, ಅದಕ್ಕೆ ಬರಿ ನೆಲವೇ ಬೇಕು.

ಮಾಳಿಗೆಯವರಿಗೆ ಎರಡು ಎಚ್ಚರ. ಕಪ್ಪು ಪ್ಲಾಸ್ಟಿಕ್ ಕುಂಡ, ಕಪ್ಪು ಚೀಲ ಬೇಡವೇ ಬೇಡ, ಏಪ್ರಿಲ್ ಮಧ್ಯಾಹ್ನ ಅದರೊಳಗೆ ಬೇರು ಬೆಂದುಹೋಗುತ್ತದೆ. ಮಣ್ಣಿನ ಕುಂಡವನ್ನು ಇಟ್ಟಂಗಿ ಮೇಲೆ ಎತ್ತಿ ಇಡಿ. ಇನ್ನು ಬೋರಿನ ನೀರು ಹಾಕಿ ಹಾಕಿ ಕುಂಡದ ಅಂಚಿಗೆ ಬಿಳಿ ಪದರ ಕಟ್ಟಿದರೆ ಅದು ಉಪ್ಪು. ಮಳೆ ಬಂದಾಗ ಕುಂಡಗಳನ್ನು ಸೂರಿನಡಿ ಸರಿಸದೆ ಚೆನ್ನಾಗಿ ನೆನೆಯಲು ಬಿಡಿ, ಉಪ್ಪು ತೊಳೆದುಹೋಗುತ್ತದೆ. ಆ ಹೊತ್ತಲ್ಲಿ ತಳದ ತೂತು ಮುಚ್ಚಿಕೊಂಡಿಲ್ಲ ಅನ್ನುವುದನ್ನು ಒಮ್ಮೆ ನೋಡಿ.

ಬೀಜ ಎಲ್ಲಿಂದ ತರುವುದು ಅನ್ನುವುದು ಕೊನೆಯ ಪ್ರಶ್ನೆ. ತಂಗಡಿ, ಗೋರಂಟಿ, ಅಣ್ಣೆಗೆ ಅಂಗಡಿಯೇ ಬೇಡ, ರಸ್ತೆ ಬದಿ, ಹೊಲದ ಬದು ಸಾಕು. ಹೊಲದವರನ್ನು ಒಂದು ಮಾತು ಕೇಳಿ, "ಈ ಕಸ ಯಾಕ್ರೀ" ಅಂತ ನಕ್ಕರೂ ಕೊಡುತ್ತಾರೆ. ದರೋಜಿ ಕರಡಿಧಾಮದಂಥ ಕಡೆ ಹೋದಾಗ ಮಾತ್ರ ಕೈ ಕಟ್ಟಿಕೊಂಡು ಬನ್ನಿ, ಅಭಯಾರಣ್ಯದಿಂದ ಗಿಡ, ಗಡ್ಡೆ ತರುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು. ಗೌರಿ ಗಡ್ಡೆಯನ್ನು ಕಾಡಿನಿಂದ ಅಗೆದು ಅಗೆದೇ ಅದು ಎಷ್ಟೋ ಕಡೆ ಕಮ್ಮಿಯಾಗಿದೆ, ಬೆಳೆಸಿದವರ ಹತ್ತಿರವೇ ಕೇಳಿ ತನ್ನಿ. ನನ್ನ ಹತ್ತಿರ ಈ ಸಲ ಎರಡು ಬಾಟಲಿ ತಂಗಡಿ ಬೀಜ ಇದೆ. ರೋಹಿಣಿ ಮಳೆ ಒಂದು ಹದ ಬಿದ್ದ ಮೇಲೆ ಬಿಸಿನೀರಿಗೆ ಹಾಕುವುದು, ಅದಕ್ಕೂ ಮೊದಲು ಬೇಡ.